ಹಳೇ ಫೋರ್‌ರನ್ನರ್‌ಗೆ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತೋದು: ನನ್ನ ಅನುಭವ

ಅಮೆರಿಕದಲ್ಲಿರೋ ನಮ್ಮ ಕನ್ನಡದವರಲ್ಲಿ ಯಾರಾದರೂ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗೋ ಚಕ್ರದ ಮನೆ, ಕೊಳ್ಳಬೇಕು ಅಂತ ಹೊರಟರೆ ನನಗೆ ಫೋನ್ ಬರುತ್ತದೆ. ಪ್ರಶ್ನೆ ಸಾಮಾನ್ಯವಾಗಿ ಒಂದೇ. "ನನ್ನ ಎಸ್‌ಯುವಿ 5,000 ಪೌಂಡ್ ಎಳೆಯುತ್ತೆ ಅಂತ ಮ್ಯಾನ್ಯುಯಲ್‌ನಲ್ಲಿದೆ, ಹಾಗಾದ್ರೆ 5,000 ಪೌಂಡ್ ಟ್ರೇಲರ್ ತಗೋಬಹುದು ಅಲ್ವಾ?" ಬೇಡ ಅನ್ನುತ್ತೇನೆ. ನನ್ನದು 2007ರ ಟೊಯೋಟಾ ಫೋರ್‌ರನ್ನರ್, 4 ಲೀಟರ್‌ನ ವಿ6 ಇಂಜಿನ್, ಫೋರ್ ವೀಲ್ ಡ್ರೈವ್. ಅದಕ್ಕೂ ಇರೋದು ಇದೇ 5,000 ಪೌಂಡ್ ರೇಟಿಂಗ್, ಅಂದರೆ ಸುಮಾರು 2,270 ಕೆಜಿ. ಸ್ಯಾಕ್ರಮೆಂಟೊ ಕಡೆಯಿಂದ ಐ-80 ಹೆದ್ದಾರಿ ಹಿಡಿದು ಡಾನರ್ ಸಮಿಟ್ ಅನ್ನೋ ಘಾಟಿ ದಾಟೋದು ನಮ್ಮ ಮಾಮೂಲಿ ದಾರಿ, ಆಗಾಗ ದಕ್ಷಿಣಕ್ಕೆ ಬೇಕರ್ ಕಡೆಯ ಮರುಭೂಮಿಗೂ ಹೋಗುತ್ತೇವೆ. ಗಾಡಿ ಎಳೆಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಎಳೆಯೋದೇ ಇದರಲ್ಲಿ ಸುಲಭದ ಕೆಲಸ. ಭಾರ ಹೊರೋದು, ಬಿಸಿ ಏರದ ಹಾಗೆ ನೋಡಿಕೊಳ್ಳೋದು, ಇಳಿಜಾರಿನಲ್ಲಿ ನಿಲ್ಲಿಸೋದು, ಈ ಮೂರೂ ಕಷ್ಟ. ಗಾಡಿಗೆ ವಯಸ್ಸಾಗಿದ್ದರೆ ಇನ್ನೂ ಕಷ್ಟ.

ಮೊದಲು ಭಾರದ ವಿಚಾರ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಟೈರ್ ಪ್ರೆಶರ್ ನೋಡೋದಕ್ಕೆ ಬಿಟ್ಟರೆ ಅದನ್ನು ಯಾರೂ ಓದುವುದಿಲ್ಲ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಅದರಲ್ಲಿ ಬರೆದಿರುತ್ತದೆ. ನನ್ನ ಗಾಡಿಗೆ ಅದು ಸುಮಾರು 1,100 ಪೌಂಡ್. ಟ್ರೇಲರ್‌ನ ಮೂತಿ ಗಾಡಿ ಹಿಂದಿನ ಕೊಂಡಿಯ (ಹಿಚ್) ಮೇಲೆ ಒತ್ತುವ ಭಾರ, ಅಂದರೆ ಟಂಗ್ ವೇಟ್, ಅದೂ ಈ 1,100ರ ಒಳಗೇ ಬರಬೇಕು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ನಮ್ಮ ಲೆಕ್ಕ ಹೀಗಿದೆ. ನಾವು ನಾಲ್ಕು ಜನ ಸೇರಿ 450 ಪೌಂಡ್. ಡಿಕ್ಕಿಯಲ್ಲಿ ಸಾಮಾನು 100. ಮೂತಿಯ ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚೋ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಕಬ್ಬಿಣವೇ 80. ಸಾಮಾನು ತುಂಬಿದ ಟ್ರೇಲರ್ 3,800 ಪೌಂಡ್ ತೂಗುತ್ತದೆ. ಟಂಗ್ ವೇಟ್ ಅದರ ಶೇ. 10ರಿಂದ 15ರ ನಡುವೆ ಇರಬೇಕು, ಶೇ. 12 ಅಂತ ಹಿಡಿದರೆ 450ರ ಆಸುಪಾಸು. ಒಟ್ಟು 1,080. ಅಲ್ಲಿಗೆ ಮುಗಿಯಿತು, ಇನ್ನು ಒಂದು ಐಸ್ ಬಾಕ್ಸ್ ಇಡೋದಕ್ಕೂ ಯೋಚನೆ ಮಾಡಬೇಕು. ಅದೇ ಟ್ರೇಲರ್ 5,000 ಪೌಂಡ್ ಇದ್ದಿದ್ದರೆ ಟಂಗ್ ವೇಟ್ 600, ಒಟ್ಟು 1,230. ಇಂಜಿನ್ ಎಳೀತಿತ್ತು, ಆದರೆ ಹಿಂದಿನ ಆಕ್ಸಲ್ ಮತ್ತು ಟೈರ್‌ಗಳ ಮೇಲೆ ಬೀಳಬೇಕಾದ್ದಕ್ಕಿಂತ ಜಾಸ್ತಿ ಭಾರ ಬೀಳುತ್ತಿತ್ತು.

ಮಾರುವವರು ಹೇಳುವ ಡ್ರೈ ವೇಟ್ ನಂಬಿಕೊಂಡು ಲೆಕ್ಕ ಹಾಕಬೇಡಿ. ಅದು ಖಾಲಿ ಡಬ್ಬದ ತೂಕ. ಒಂದು ಗ್ಯಾಲನ್ ನೀರೇ 8.3 ಪೌಂಡ್, 30 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 250 ಪೌಂಡ್ ಅಲ್ಲೇ ಬಂತು. ಆಮೇಲೆ ಬ್ಯಾಟರಿ, ಪ್ರೊಪೇನ್ ಸಿಲಿಂಡರ್, ಹಾಸಿಗೆ ಬಟ್ಟೆ. ನಮ್ಮ ಮನೆಯಲ್ಲಂತೂ 110 ವೋಲ್ಟಿನ ಮಿಕ್ಸಿ, ಎರಡು ಕುಕ್ಕರ್, ಇಡ್ಲಿ ಪಾತ್ರೆ ಇಲ್ಲದೆ ಹೊರಡೋ ಹಾಗೇ ಇಲ್ಲ. ಅತ್ತೆ ಊರಿಂದ ಬಂದಾಗ ಒಂದು ಸಣ್ಣ ಕಲ್ಲಿನ ಒರಳೂ ಹತ್ತಿತ್ತು, ಚಟ್ನಿ ಚೆನ್ನಾಗಿತ್ತು, ಅದು ಬೇರೆ ಮಾತು. ನಾನು ನೀರಿನ ಟ್ಯಾಂಕ್‌ನಲ್ಲಿ ಕಾಲು ಭಾಗ ಮಾತ್ರ ತುಂಬಿಸಿ ಹೊರಡುತ್ತೇನೆ, ಮಿಕ್ಕಿದ್ದು ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ.

ತೂಕ ಹಾಕೋದು ಕಷ್ಟ ಏನಿಲ್ಲ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇರುತ್ತದೆ. ದೊಡ್ಡ ಲಾರಿಗಳ ಹಿಂದೆ ಸಾಲಿನಲ್ಲಿ ನಿಲ್ಲೋದಕ್ಕೆ ಮುಜುಗರ ಪಡಬೇಡಿ, ಯಾರೂ ಏನೂ ಅನ್ನೋದಿಲ್ಲ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್, ಮೂರರ ತೂಕವೂ ಬೇರೆ ಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತದೆ. ಟಂಗ್ ವೇಟ್ ಮಾತ್ರ ಮನೆಯಲ್ಲೇ ಬಾತ್‌ರೂಮ್ ತಕ್ಕಡಿಯಲ್ಲಿ ನೋಡಬಹುದು. ಒಂದು ಗಟ್ಟಿ ಹಲಗೆ ತಗೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲೆ. ಟ್ರೇಲರ್ ಮೂತಿ ಇಟ್ಟಿಗೆಯಿಂದ ಒಂದು ಅಡಿ, ತಕ್ಕಡಿಯಿಂದ ಎರಡು ಅಡಿ ದೂರ ಇರೋ ಹಾಗೆ ಹಲಗೆ ಮೇಲೆ ಕೂರಿಸಿ. ಹಲಗೆಯದೇ ತೂಕ ತೋರಿಸುತ್ತಿದ್ದರೆ ಅದನ್ನು ಮೊದಲೇ ಕಳೆದುಬಿಡಿ, ಉಳಿದದ್ದನ್ನು ಮೂರರಿಂದ ಗುಣಿಸಿ. 150 ತೋರಿಸಿದರೆ 450. ಚಕ್ರಗಳಿಗೆ ಅಡ್ಡ ಇಡೋದು ಮರೀಬೇಡಿ.

ಈಗ ಬಿಸಿಯ ವಿಚಾರ. ಹಳೇ ಗಾಡಿಯವರು ಇದನ್ನು ನಿಧಾನವಾಗಿ ಓದಿ.

ಇಂಜಿನ್ ಬಿಸಿ ತೋರಿಸೋ ಮುಳ್ಳು ಎಲ್ಲ ಗಾಡಿಯಲ್ಲೂ ಇದೆ. ಆದರೆ ಟ್ರೇಲರ್ ಎಳೆಯುವಾಗ ಮೊದಲು ಕಾಯೋದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಅದಕ್ಕೆ ನನ್ನ ಡ್ಯಾಶ್‌ಬೋರ್ಡಿನಲ್ಲಿ ಮುಳ್ಳೇ ಇಲ್ಲ. ಗಾಡಿಯ ಕಂಪ್ಯೂಟರ್ ಓದೋ ಒಂದು ಅಗ್ಗದ ಒಬಿಡಿ ಬ್ಲೂಟೂತ್ ಡಾಂಗಲ್ ತಂದು ಸ್ಟೀರಿಂಗ್ ಕೆಳಗೆ ಚುಚ್ಚಿದೆ, ಫೋನಿನ ಆ್ಯಪ್‌ನಲ್ಲಿ ಆ ಆಯಿಲ್ ಎಷ್ಟು ಬಿಸಿ ಅಂತ ಬರೋ ಹಾಗೆ ಮಾಡಿಕೊಂಡೆ. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಉಪಯೋಗಕ್ಕೆ ಬಂದ ವಸ್ತು ಇನ್ನೊಂದಿಲ್ಲ. ಸಪಾಟು ರಸ್ತೆಯಲ್ಲಿ 190 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದದ್ದು ಡಾನರ್ ಏರಿನಲ್ಲಿ 230ರ ಹತ್ತಿರ ಹೋಗುತ್ತಿತ್ತು. 200ರ ಆಸುಪಾಸು ಇದ್ದರೆ ನೆಮ್ಮದಿ. 220 ದಾಟಿ ತುಂಬಾ ಹೊತ್ತು ನಿಂತರೆ ಆಯಿಲ್ ಬೇಗ ಹಾಳಾಗುತ್ತದೆ, ಆಮೇಲೆ ಒಳಗಿನ ಕ್ಲಚ್ ಪ್ಲೇಟುಗಳ ಸರದಿ.

ಈ ಬಿಸಿ ಹುಟ್ಟೋದು ಜಾಸ್ತಿ ಟಾರ್ಕ್ ಕನ್ವರ್ಟರ್‌ನಲ್ಲಿ, ಅಂದರೆ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಭಾಗದಲ್ಲಿ. ಅದು ಲಾಕ್ ಆಗಿದ್ದಾಗ ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ವೇಗದಲ್ಲಿ ತಿರುಗುತ್ತವೆ, ಬಿಸಿ ಕಡಿಮೆ. ಲಾಕ್ ಬಿಟ್ಟರೆ ಆಯಿಲ್ಲೇ ಕಡೆದುಕೊಂಡು ಬಿಸಿಯಾಗುತ್ತದೆ. ಡಿ ಗೇರಿನಲ್ಲಿ ಸುಮ್ನೆ ಬಿಟ್ಟರೆ ಗಾಡಿ ಐದಕ್ಕೆ ಹೋಗುತ್ತೆ, ಆಗಲ್ಲ ಅಂತ ನಾಲ್ಕಕ್ಕೆ ಬರುತ್ತೆ, ಮತ್ತೆ ಐದು, ಹೀಗೇ ಒದ್ದಾಡುತ್ತದೆ, ಪ್ರತಿ ಸಲವೂ ಲಾಕ್ ಬಿಟ್ಟು ಹಿಡಿದು ಮಾಡುತ್ತದೆ. ಅದಕ್ಕೇ ನಾನು ಟ್ರೇಲರ್ ಕಟ್ಟಿದ ತಕ್ಷಣ ಲಿವರ್ 4ಕ್ಕೆ ಹಾಕಿಬಿಡುತ್ತೇನೆ, ಏರು ಜಾಸ್ತಿಯಾದರೆ 3. ಇಂಜಿನ್ ಕಿರುಚುತ್ತೆ ಅಂತ ಹೆದರಬೇಡಿ. 4,000 ಆರ್‌ಪಿಎಂನಲ್ಲಿ 45 ಮೈಲಿ ವೇಗದಲ್ಲಿ ಹತ್ತೋದು ಇಂಥ ವಿ6ಗೆ ಕಷ್ಟ ಅಲ್ಲ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿ ಉಸಿರು ಕಟ್ಟಿಸೋದೇ ಕಷ್ಟ. ಜೊತೆಗೆ ಡಾನರ್ ಸಮಿಟ್ 7,239 ಅಡಿ ಎತ್ತರ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. ನನ್ನ 236 ಹಾರ್ಸ್‌ಪವರ್ ಅಲ್ಲಿ 190ರ ಕೆಳಗೆ ಬಂದಿರುತ್ತದೆ. ಬಲಗಡೆ ಲೇನಿನಲ್ಲಿ ಲಾರಿಗಳ ಜೊತೆ ಹೋಗಿ, ಅಷ್ಟೇ.

ರೇಡಿಯೇಟರ್‌ನದು ಇನ್ನೊಂದು ಕಥೆ. ಈ ತರದ ಬಹಳ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗೋ ಕೊಳವೆ ರೇಡಿಯೇಟರ್ ಒಳಗೇ ಇರುತ್ತದೆ. ವಯಸ್ಸಾದ ಮೇಲೆ ಅದು ಒಳಗೇ ಒಡೆದರೆ ಕೂಲಂಟ್ ಮತ್ತು ಆಯಿಲ್ ಬೆರೆತುಹೋಗುತ್ತವೆ. ತೆಗೆದು ನೋಡಿದರೆ ತಿಳಿ ಗುಲಾಬಿ ನೊರೆ, ಇಲ್ಲಿನವರು ಸ್ಟ್ರಾಬೆರಿ ಮಿಲ್ಕ್‌ಶೇಕ್ ಅಂತಲೇ ಕರೆಯೋದು. ಅಷ್ಟಾದರೆ ಗೇರ್‌ಬಾಕ್ಸ್ ಉಳಿಯೋದು ಕಷ್ಟ. ನಾನು ಅದಕ್ಕೆ ಕಾಯಲಿಲ್ಲ. ಟ್ರೇಲರ್ ತರುವ ಮೊದಲೇ ಹೊಸ ರೇಡಿಯೇಟರ್, ಹೋಸ್‌ಗಳು, ವಾಟರ್ ಪಂಪ್, ಫ್ಯಾನ್ ಕ್ಲಚ್ ಎಲ್ಲ ಹಾಕಿಸಿದೆ. ಗ್ರಿಲ್ ಹಿಂದೆ ಗೇರ್‌ಬಾಕ್ಸ್ ಆಯಿಲ್‌ಗೆ ಇನ್ನೊಂದು ಕೂಲರ್ ಕೂರಿಸಿದ ಮೇಲೆ ಅದೇ ಏರಿನಲ್ಲಿ 205ರ ಮೇಲೆ ಹೋಗಿದ್ದು ಅಪರೂಪ. ಗೇರ್‌ಬಾಕ್ಸ್ ಆಯಿಲ್ಲೂ ಬದಲಾಯಿಸಿದೆ. ಇದಕ್ಕೆ ಡಿಪ್‌ಸ್ಟಿಕ್ ಇಲ್ಲ, ಜೀವಮಾನಕ್ಕೆ ಒಂದೇ ಆಯಿಲ್ ಸಾಕು ಅನ್ನೋರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮೆಕ್ಯಾನಿಕ್ ಕೆಳಗೆ ಬಸಿದಾಗ ಬಂದ ಬಣ್ಣ ನೀವು ನೋಡಬೇಕಿತ್ತು, ಕೆಂಪಿನ ಸುಳಿವೇ ಇರಲಿಲ್ಲ, ಫಿಲ್ಟರ್ ಕಾಫಿ ಡಿಕಾಕ್ಷನ್ನೇ.

ಬೇಕರ್‌ನಿಂದ ಐ-15ರಲ್ಲಿ ಲಾಸ್ ವೇಗಸ್ ಕಡೆ ಹತ್ತುವಾಗ ಎಸಿ ಆಫ್ ಮಾಡಿ ಅಂತ ಬೋರ್ಡ್ ಇದೆ. ಹೊಸ ಗಾಡಿಯವರು ನಗುತ್ತಾರೆ. ನಾವು ಆಫ್ ಮಾಡಿ ಕಿಟಕಿ ಇಳಿಸುತ್ತೇವೆ. ಜುಲೈ, ಆಗಸ್ಟ್‌ನಲ್ಲಿ ಈಗ ಆ ದಾರಿಯಲ್ಲಿ ಬೆಳಿಗ್ಗೆ ಐದಕ್ಕೇ ಹೊರಡೋದು, ಮಕ್ಕಳು ಹಿಂದೆ ನಿದ್ದೆ ಮಾಡುತ್ತಿರುತ್ತಾರೆ.

ಇನ್ನು ನಿಲ್ಲಿಸೋದು. ಟ್ರೇಲರ್‌ಗೆ ತನ್ನದೇ ಎಲೆಕ್ಟ್ರಿಕ್ ಬ್ರೇಕ್ ಇದೆ, ಅದನ್ನು ನಡೆಸೋಕೆ ಡ್ಯಾಶ್ ಕೆಳಗೆ ಬ್ರೇಕ್ ಕಂಟ್ರೋಲರ್ ಬೇಕು. ಟೈಮರ್ ಲೆಕ್ಕದಲ್ಲಿ ಕೆಲಸ ಮಾಡೋ ಅಗ್ಗದ್ದು ತಗೋಬೇಡಿ. ನೀವು ಎಷ್ಟು ಜೋರಾಗಿ ಬ್ರೇಕ್ ಹಾಕಿದಿರೋ ಅದಕ್ಕೆ ತಕ್ಕ ಹಾಗೆ ಟ್ರೇಲರ್‌ಗೂ ಹಾಕುವ ಪ್ರೊಪೋರ್ಷನಲ್ ತಗೊಳ್ಳಿ. ಸೆಟ್ ಮಾಡೋಕೆ ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿ ವೇಗದಲ್ಲಿ ಹೋಗುತ್ತಾ ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತುತ್ತೇನೆ, ಅದು ಟ್ರೇಲರ್ ಬ್ರೇಕ್ ಮಾತ್ರ ಹಾಕುತ್ತದೆ. ಟ್ರೇಲರ್ ಚಕ್ರ ಲಾಕ್ ಆಗಿ ಉಜ್ಜಿಕೊಂಡು ಬಂದರೆ ಸ್ವಲ್ಪ ಕಡಿಮೆ ಮಾಡೋದು, ಲಾಕ್ ಆಗೋದಕ್ಕೆ ಒಂದು ಚೂರು ಮುಂಚೆ ನಿಲ್ಲಿಸೋದು.

ಡಾನರ್‌ನಿಂದ ಪಶ್ಚಿಮಕ್ಕೆ ಕೋಲ್‌ಫ್ಯಾಕ್ಸ್ ತನಕ ಹೆಚ್ಚುಕಡಿಮೆ 4,800 ಅಡಿ ಇಳಿಯಬೇಕು. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದರೆ ಕೆಳಗೆ ಬರೋಷ್ಟರಲ್ಲಿ ಬ್ರೇಕ್ ಇರುವುದಿಲ್ಲ. ಇಳಿಜಾರು ಶುರುವಾಗೋ ಮೊದಲೇ 3ನೇ ಗೇರ್. ವೇಗ 55ಕ್ಕೆ ಬಂದರೆ ಒಂದು ಸಲ ಗಟ್ಟಿಯಾಗಿ ಒತ್ತಿ 45ಕ್ಕೆ ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ಮತ್ತೆ 55 ಆದಾಗ ಮತ್ತೆ. ಹೇಗೂ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ 55ರ ಮಿತಿ ಕಾನೂನಿನಲ್ಲೇ ಇದೆ. 75ರಲ್ಲಿ ನನ್ನನ್ನು ದಾಟಿಕೊಂಡು ಹೋಗೋ ಟ್ರೇಲರ್‌ಗಳನ್ನು ನೋಡಿದರೆ ಅವರ ಟೈರ್ ಮೇಲೆ ಏನು ಬರೆದಿದೆ ಅಂತ ಅವರೇ ಓದಿಲ್ಲ ಅನಿಸುತ್ತದೆ. ಟ್ರೇಲರ್‌ಗೆಂದೇ ಮಾಡೋ ಎಸ್‌ಟಿ ಟೈರ್‌ಗಳಲ್ಲಿ ಎಷ್ಟೋ 65 ಮೈಲಿಗೆ ಮಾಡಿದಂಥವು.

ಟೈರ್ ಅಂದಮೇಲೆ ಒಂದು ಮಾತು. ಟ್ರೆಡ್ ಸವೆದಿಲ್ಲ ಅಂತ ನೋಡಿ ಟೈರ್ ಚೆನ್ನಾಗಿದೆ ಅನ್ನಬೇಡಿ. ಪಕ್ಕದಲ್ಲಿ ಡಿಒಟಿ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ, 2318 ಅಂದರೆ ಟೈರ್ ತಯಾರಾಗಿದ್ದು 2018ರ 23ನೇ ವಾರ. ಟ್ರೇಲರ್ ಟೈರ್ ಸವೆಯೋದಕ್ಕಿಂತ ಬಿಸಿಲಲ್ಲಿ ನಿಂತು ಬಿರಿಯೋದೇ ಜಾಸ್ತಿ. ಐದಾರು ವರ್ಷ ಆಯಿತಾ, ಬದಲಾಯಿಸಿ. ಹೊಸ ಚಕ್ರ ಹಾಕಿದ ಮೇಲೆ ಮೊದಲ 50 ಮೈಲಿಗೆ ನಿಲ್ಲಿಸಿ ನಟ್ ಬಿಗಿ ನೋಡಿ.

ತೂಗಾಟದ ಬಗ್ಗೆ ಎಲ್ಲರಿಗೂ ಭಯ, ಇರಬೇಕಾದ್ದೇ. ಭಾರದ ಸಾಮಾನು ಟ್ರೇಲರ್ ಹಿಂಭಾಗದಲ್ಲಿ ಹಾಕಿದರೆ ಮೂತಿ ಹಗುರಾಗಿ ಹಿಂದೆ ಅತ್ತಿತ್ತ ತೂಗಾಡಲು ಶುರುವಾಗುತ್ತದೆ. ಶೇ. 60 ಭಾರ ಆಕ್ಸಲ್‌ಗಿಂತ ಮುಂದೆ ಇರಲಿ. ಸೈಕಲ್‌ಗಳನ್ನು ಹಿಂದಿನ ಬಂಪರ್‌ಗೆ ನೇತುಹಾಕೋ ಆಸೆ ಬಿಡಿ. ತೂಗಾಟ ಶುರುವಾದರೆ ಕಾರಿನ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿ ಮಾಡೋಕೂ ಹೋಗಬೇಡಿ. ಆಕ್ಸಲರೇಟರ್ ಬಿಟ್ಟು, ಕಂಟ್ರೋಲರ್‌ನ ಕೈ ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಆ ಲಿವರ್ ಕಣ್ಣು ಮುಚ್ಚಿಕೊಂಡರೂ ಕೈಗೆ ಸಿಗೋ ಜಾಗದಲ್ಲಿರಬೇಕು.

ಹಿಂದಿನ ಸ್ಪ್ರಿಂಗ್ ಕುಸಿದಿದ್ದರೆ ಹೊಸದು ಹಾಕಿಸಿ, ಸ್ಪ್ರಿಂಗ್‌ಗೆ ಆಸರೆಯಾಗೋ ಗಾಳಿ ಚೀಲ ಬೇಕಾದರೂ ಹಾಕಿಸಿ. ಗಾಡಿ ನೆಟ್ಟಗೆ ನಿಲ್ಲುತ್ತದೆ. ಆದರೆ ಬಾಗಿಲಿನ ಸ್ಟಿಕರ್‌ನ 1,100 ಅಲ್ಲೇ ಇರುತ್ತದೆ, ಅದು ಬೆಳೆಯುವುದಿಲ್ಲ. ರಿವರ್ಸ್ ಕಲಿಸಿದ್ದು ಪಕ್ಕದ ಮನೆಯ ನಿವೃತ್ತ ಲಾರಿ ಡ್ರೈವರ್: ಸ್ಟೀರಿಂಗ್‌ನ ಕೆಳಭಾಗ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸೋದು. ಪೆಟ್ರೋಲ್ ಬಗ್ಗೆ ಕೇಳಲೇಬೇಡಿ, ಗ್ಯಾಲನ್‌ಗೆ 18 ಮೈಲಿ ಕೊಡೋ ಗಾಡಿ 10 ಕೊಡುತ್ತದೆ.

ಮೊನ್ನೆ ಒಬ್ಬ ಗೆಳೆಯ ಫೋನ್ ಮಾಡಿ, "ಅರಿಜೋನಾಗೆ ಶಿಫ್ಟ್ ಆಗ್ತಿದೀನಿ ಮಾರಾಯ, ನನ್ನ ಕೊರೋಲಾನ ನಿನ್ನ ಗಾಡಿ ಹಿಂದೆ ಕಟ್ಟಿಕೊಂಡು ಹೋಗಿ ಬಿಟ್ಟು ಬರೋಣ್ವಾ?" ಅಂದ. ಬಾಡಿಗೆಗೆ ಸಿಗುವ ಕಾರ್ ಟ್ರೇಲರ್ ಖಾಲಿ ಇದ್ದಾಗಲೇ 2,200 ಪೌಂಡ್ ಮೇಲೆ. ಕೊರೋಲಾ 2,800. ಅಲ್ಲಿಗೇ 5,000 ಆಯಿತು, ಅವನ ಪಾತ್ರೆ ಪಗಡೆ ಇನ್ನೂ ಹತ್ತಿಲ್ಲ. ಆಗಲ್ಲಪ್ಪ, ಟ್ರಕ್ ಬಾಡಿಗೆ ತಗೋ, ಓಡಿಸೋಕೆ ಜೊತೆಗೆ ಬರ್ತೀನಿ ಅಂದೆ. ಮುಂದಿನ ತಿಂಗಳು ಹೊರಡುತ್ತಿದ್ದೇವೆ.