ಕಲ್ಲೋಳದಲ್ಲಿ ಎಷ್ಟು ನೀರು, ಎಷ್ಟು ಗಂಟೆಗೆ?

ಜಮಖಂಡಿ ತಾಲ್ಲೂಕಿನಿಂದ ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳಿಸಲು ತೊಡಗಿ ನನಗೆ ಹದಿನೆಂಟು ವರ್ಷವಾಯಿತು. ಮಳೆಗಾಲ ಬಂದರೆ ನನ್ನ ಕೆಲಸವೆಲ್ಲ ಕೃಷ್ಣೆಯ ದಂಡೆಯಲ್ಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಗೇ ಉಕ್ಕಿದಾಗ ಶೂರ್ಪಾಲಿ ಕಡೆಯ ಹಿರಿಯ ರೈತರೊಬ್ಬರು ನದಿಗೆ ಕೂರಿಸಿದ್ದ ಮೋಟಾರಿಗೆ ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಸುತ್ತಿದ್ದರು. ನೀರು ಇನ್ನೂ ಏರುತ್ತದೆಯೇ ಎಂಬುದು ಅವರಿಗೆ ತಿಳಿಯಬೇಕಿತ್ತು. ಮೊಬೈಲ್ ತೆಗೆದು ತೋರಿಸಿದರು; ಮೂರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಬೇರೆ ಬೇರೆ ಅಂಕಿ. ‘ಕಾಕಾ, ಇವನ್ನೆಲ್ಲ ನಂಬಬೇಡಿ, ಸರಿಯಾದದ್ದು ನಾಳೆ ಪೇಪರಿನಲ್ಲಿ ಬರುತ್ತದೆ’ ಎಂದೆ. ಅವರು ಹಗ್ಗದಿಂದ ಕಣ್ಣು ತೆಗೆಯದೆ, ‘ತಮ್ಮಾ, ನಿನ್ನ ಪೇಪರ್ ನಾಳೆ ಬರುತ್ತದೆ. ನೀರು ಇವತ್ತು ರಾತ್ರಿ ಬರುತ್ತದೆ’ ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಪುಟ ರಾತ್ರಿ ಒಂಬತ್ತರ ಸುಮಾರಿಗೆ ಮುಗಿಯುತ್ತದೆ. ಆ ವಾರ ರಸ್ತೆ ಕಡಿದುಹೋಗಿ ಪೇಪರಿನ ಕಟ್ಟುಗಳು ಎಷ್ಟೋ ಹಳ್ಳಿಗಳಿಗೆ ತಲುಪಲೇ ಇಲ್ಲ.

ಅದೇ ವಾರ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ನದಿ ತೀರದ ಹಳ್ಳಿಗೆ ಹೋಗಲು ದಾರಿಯಿರಲಿಲ್ಲ. ಅಲ್ಲಿಯದೇ ಎಂದು ಗುಂಪಿನಲ್ಲಿ ಬಂದ ಚಿತ್ರವೊಂದನ್ನು ಸುದ್ದಿಯ ಜೊತೆ ಕಳಿಸಿದೆ: ಎದೆಮಟ್ಟದ ನೀರಿನಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತ ಮನುಷ್ಯ. ಮೂರು ಕಾಲಮ್ಮಿನಲ್ಲಿ ಅಚ್ಚಾಯಿತು. ಮರುದಿನ ಬೆಳಿಗ್ಗೆ ಶಾಲಾ ಶಿಕ್ಷಕರೊಬ್ಬರು ಫೋನ್ ಮಾಡಿ, ‘ಸರ್, ಚಿತ್ರದಲ್ಲಿ ಹಿಂದೆ ಕಾಣುವುದು ಅಡಿಕೆ ಮರ. ನಮ್ಮ ಹೊಳೆಯ ದಂಡೆಯಲ್ಲಿ ಅಡಿಕೆ ತೋಟ ಎಲ್ಲಿದೆ?’ ಎಂದು ಕೇಳಿದರು. ಅದು ಹಿಂದಿನ ವರ್ಷದ ಚಿತ್ರ, 2018ರ ಆಗಸ್ಟ್‌ನಲ್ಲಿ ಕೊಡಗು ಮುಳುಗಿದಾಗಿನದು. ತಿದ್ದುಪಡಿ ಹಾಕಿ ಎಂದು ಡೆಸ್ಕಿಗೆ ಬರೆದೆ. ಹಾಕಿದರು, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ತಪ್ಪು ಎಷ್ಟು ದೊಡ್ಡದಾಗಿ ಅಚ್ಚಾಯಿತೋ ತಿದ್ದುಪಡಿಯೂ ಅಷ್ಟೇ ದೊಡ್ಡದಾಗಿ ಅಚ್ಚಾಗಬೇಕು ಎಂದು ಅಂದಿನಿಂದ ವಾದಿಸುತ್ತಲೇ ಬಂದಿದ್ದೇನೆ. ಇನ್ನೂ ಗೆದ್ದಿಲ್ಲ.

ಜನ ಪತ್ರಿಕೆ ಬಿಟ್ಟು ಮೊಬೈಲ್ ನಂಬತೊಡಗಿದರು ಎಂದು ನಮ್ಮವರು ಕೊರಗುವುದನ್ನು ಪತ್ರಿಕಾ ದಿನದ ಸಭೆಗಳಲ್ಲಿ ಪ್ರತಿ ಜುಲೈನಲ್ಲೂ ಕೇಳುತ್ತೇನೆ. ಆ ಶಿಕ್ಷಕರ ಫೋನಿನ ನಂತರ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಗುಂಪಿನಿಂದ ಎತ್ತಿಕೊಂಡದ್ದನ್ನೇ ನಾವು ಅಚ್ಚು ಹಾಕಿದರೆ ಓದುಗ ಐದು ರೂಪಾಯಿ ಏಕೆ ಕೊಡಬೇಕು?

2020ರ ಮಳೆಗಾಲದಿಂದ ನಾನು ನೀರಿನ ಲೆಕ್ಕವನ್ನು ನಾನೇ ಇಡಲು ಶುರು ಮಾಡಿದೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಆರೇಳು ಫೋನ್ ನಂಬರು. ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್) ಬಿಟ್ಟಿದ್ದಾರೆ, ದೂಧಗಂಗಾ ನದಿಯಿಂದ ಎಷ್ಟು ಬರುತ್ತಿದೆ, ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ಎರಡೂ ಸೇರಿದ ಮೇಲೆ ಎಷ್ಟಾಯಿತು, ಹಿಪ್ಪರಗಿ ಬ್ಯಾರೇಜಿನಲ್ಲಿ ಒಳಹರಿವು, ಹೊರಹರಿವು ಎಷ್ಟು, ಆಲಮಟ್ಟಿ ಜಲಾಶಯದ ಮಟ್ಟ ಎಷ್ಟು. ಪ್ರತಿ ಅಂಕಿಯ ಪಕ್ಕದಲ್ಲಿ ಹೇಳಿದವರು ಯಾರು, ಎಷ್ಟು ಗಂಟೆಯ ಅಳತೆ ಎಂದು ಬರೆಯುತ್ತೇನೆ. ರಾಜಾಪುರ ಮತ್ತು ದೂಧಗಂಗೆಯನ್ನು ಕೂಡಿಸಿದರೆ ಕಲ್ಲೋಳದ ಅಂಕಿಗೆ ಹತ್ತಿರ ಬರಬೇಕು. ಬರದಿದ್ದರೆ ಒಂದೋ ಅಳತೆಯ ಹೊತ್ತು ಬೇರೆ, ಇಲ್ಲವೇ ಯಾರೋ ತಪ್ಪು ಹೇಳಿದ್ದಾರೆ. ಮತ್ತೆ ಫೋನ್ ಮಾಡುತ್ತೇನೆ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಇದನ್ನೇ ನಾಲ್ಕು ಸಾಲು ಮಾಡಿ, ನದಿ ತೀರದ ಹಳ್ಳಿಗಳ ಗುಂಪಿಗೆ ಹಾಕುತ್ತೇನೆ. ಓದಲು ಬಾರದವರಿಗಾಗಿ ಧ್ವನಿ ಸಂದೇಶ. ಗೊತ್ತಾಗದಿದ್ದಾಗ ‘ಹಿಪ್ಪರಗಿಯ ಸಂಜೆಯ ಅಂಕಿ ಇನ್ನೂ ಸಿಕ್ಕಿಲ್ಲ’ ಎಂದೇ ಬರೆಯುತ್ತೇನೆ. ಆ ಸಾಲು ಬರೆಯುವುದು ಮೊದಮೊದಲು ಬಹಳ ಕಷ್ಟವಾಯಿತು. ವರದಿಗಾರನಿಗೆ ಗೊತ್ತಿಲ್ಲ ಎಂದರೆ ಹೇಗೆ ಎಂಬ ಅಳುಕು.

ಒಮ್ಮೆ ‘ಕೊಯ್ನಾದಿಂದ ಇಂದು ರಾತ್ರಿ 105 ಟಿಎಂಸಿ ನೀರು ಬಿಡುಗಡೆ’ ಎಂಬ ಸಂದೇಶ ಸಂಜೆಯ ಹೊತ್ತಿಗೆ ಎಲ್ಲ ಹಳ್ಳಿಗಳನ್ನೂ ಸುತ್ತಿತು. ಮುತ್ತೂರಿನ ಕಡೆ ಜನ ಕಾಳು ಕಡಿಯ ಚೀಲಗಳನ್ನು ಅಟ್ಟಕ್ಕೆ ಏರಿಸತೊಡಗಿದ್ದರು. ನಾನು ಚಹಾದ ಅಂಗಡಿಯಲ್ಲಿ ಕುಳಿತು ಲೆಕ್ಕ ಮಾಡಿ ತೋರಿಸಿದೆ. 105 ಟಿಎಂಸಿ ಎಂದರೆ ಮಹಾರಾಷ್ಟ್ರದ ಕೊಯ್ನಾ ಜಲಾಶಯ ಪೂರ್ತಿ ತುಂಬಿದಾಗ ಹಿಡಿಯುವ ನೀರು. ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ ನೀರು, ಒಂದು ದಿನದಲ್ಲಿ ಹರಿದು ಹೋಗಬೇಕಾದರೆ 11,574 ಕ್ಯುಸೆಕ್‌ನಂತೆ ದಿನವಿಡೀ ಬಿಡಬೇಕು. ಅಷ್ಟೂ ನೀರು ಒಂದೇ ದಿನದಲ್ಲಿ ಬರುವುದಾದರೆ 12 ಲಕ್ಷ ಕ್ಯುಸೆಕ್ ದಾಟಬೇಕು. 2019ರ ಮಹಾಪೂರದಲ್ಲೂ ನಮ್ಮ ಹೊಳೆ ಅಷ್ಟು ಕಂಡಿರಲಿಲ್ಲ. ಯಾರೋ ಜಲಾಶಯದ ಸಾಮರ್ಥ್ಯವನ್ನೇ ಬಿಡುಗಡೆಯ ಪ್ರಮಾಣ ಎಂದು ಬರೆದುಬಿಟ್ಟಿದ್ದರು. ಆ ಸಂದೇಶದಲ್ಲಿ ಎಲ್ಲವೂ ಇತ್ತು, ಅಳತೆಯ ಹೊತ್ತು ಮತ್ತು ಅಳೆದವರ ಹೆಸರು ಮಾತ್ರ ಇರಲಿಲ್ಲ. ಈಗ ಮೊದಲು ಹುಡುಕುವುದೇ ಆ ಎರಡನ್ನು.

ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೂ ಈ ಸಂದೇಶಗಳು ಹೇಳುವುದಿಲ್ಲ. ‘ಆಲಮಟ್ಟಿಯಿಂದ ಲಕ್ಷಗಟ್ಟಲೆ ಕ್ಯುಸೆಕ್ ಬಿಡುಗಡೆ, ನದಿ ತೀರದವರು ಎಚ್ಚರ’ ಎಂದು ಬಂದರೆ ನಮ್ಮ ಹಳ್ಳಿಗಳಲ್ಲಿ ಗಾಬರಿ ಹುಟ್ಟುತ್ತದೆ. ಆದರೆ ಆಲಮಟ್ಟಿ ಇರುವುದು ನಮ್ಮ ಕೆಳಗೆ. ಅಲ್ಲಿಂದ ನೀರು ಹೆಚ್ಚು ಹೋದಷ್ಟೂ ನಮ್ಮ ಕಡೆಯ ಹಿನ್ನೀರು ಇಳಿಯುತ್ತದೆ. ಆಲಮಟ್ಟಿಗೂ ಕೆಳಗಿರುವ ನಾರಾಯಣಪುರದ ಕಡೆಯವರಿಗೆ ಅದು ಎಚ್ಚರಿಕೆ, ನಮಗೆ ಸಮಾಧಾನದ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಎರಡೇ ದಿನದಲ್ಲಿ ಆ ವಿಡಿಯೊ ‘ಆಲಮಟ್ಟಿ ಗೇಟ್ ಮುರಿದಿದೆ’ ಎಂಬ ತಲೆಬರಹ ಹೊತ್ತು ನನ್ನ ಮೊಬೈಲಿಗೆ ಬಂತು. ಕಳಿಸಿದವರು ನನ್ನ ಸಂಬಂಧಿಕರೇ. ಹೊಸಪೇಟೆಯ ಬಳಿಯ ಆ ತುಂಗಭದ್ರೆಯ ನೀರು ನಮ್ಮ ಕೃಷ್ಣೆಯನ್ನು ಸೇರುವುದು ರಾಜ್ಯದ ಗಡಿ ದಾಟಿದ ಮೇಲೆ. ಅವರಿಗೆ ನಕ್ಷೆ ಬರೆದು ಕಳಿಸಿದೆ, ಮೇಲಿನಿಂದ ಕೆಳಕ್ಕೆ: ರಾಜಾಪುರ, ಕಲ್ಲೋಳ, ಕುಡಚಿ, ಹಿಪ್ಪರಗಿ, ನಾವು, ಆಲಮಟ್ಟಿ, ನಾರಾಯಣಪುರ. ಆ ನಕ್ಷೆ ಈಗ ಗುಂಪಿನ ಮುಖಚಿತ್ರ.

ವಿಡಿಯೊ ಬಂದರೆ ಮಾತನ್ನು ಕೇಳುವ ಮೊದಲು ವಾಹನಗಳನ್ನು ನೋಡುತ್ತೇನೆ. ಕೆಎ 48 ಇದ್ದರೆ ಜಮಖಂಡಿಯ ನೋಂದಣಿ, 23 ಚಿಕ್ಕೋಡಿ, ಎಂಎಚ್ 09 ಕೊಲ್ಹಾಪುರ, 10 ಸಾಂಗಲಿ. ಅಂಗಡಿಯ ಫಲಕದ ಲಿಪಿ, ಬಸ್ಸಿನ ಬಣ್ಣ, ಹೊಲದಲ್ಲಿ ಕಬ್ಬಿನ ಎತ್ತರ. ಇವುಗಳಲ್ಲಿ ಒಂದಾದರೂ ಹೊಂದದಿದ್ದರೆ ಆ ಊರಿನ ಯಾರಿಗಾದರೂ ಫೋನ್.

ಸುಳ್ಳಿನ ಬೆಲೆ ಚೀಲ ಏರಿಸಿ ಇಳಿಸಿದ ಶ್ರಮಕ್ಕೆ ಮುಗಿಯುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಹಬ್ಬಿದ ಸಂದೇಶವನ್ನು ನಂಬಿ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹಾಕಲು ಮುಂದಾದದ್ದು ಅದೇ ತಿಂಗಳು. ಆಗ ನಮ್ಮ ತಾಲ್ಲೂಕಿನಲ್ಲೂ ಅಂಥದೇ ಸಂದೇಶ ಹರಿದಾಡುತ್ತಿತ್ತು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೂ ಬರೆಯಲಿಲ್ಲ, ಸುಳ್ಳನ್ನು ಸುಳ್ಳು ಎನ್ನುವುದು ಸುದ್ದಿಯಾಗದು ಎಂದುಕೊಂಡೆ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ತಾಲ್ಲೂಕಿನ ವರದಿಗಾರನಿಗೆ ಪೆಟ್ರೋಲಿನ ಖರ್ಚೂ ಹುಟ್ಟದಷ್ಟು ಸಂಭಾವನೆ, ಮೇಲೆ ಜಾಹೀರಾತು ತರುವ ಹೊರೆ. ಹೀಗಿರುವಾಗ ಅವನು ಹೊಳೆಯ ದಂಡೆಗೆ ಹೋಗದೆ ಪ್ರಕಟಣೆಗಳನ್ನು ನಕಲು ಮಾಡಿ ಕಳಿಸಿದರೆ ಅವನೊಬ್ಬನನ್ನೇ ದೂರಲಾಗದು. ನಂಬಿಕೆಯ ಬಗ್ಗೆ ಮಾತನಾಡುವ ಮಾಲೀಕರು ಮೊದಲು ಆ ಪೆಟ್ರೋಲಿನ ಹಣ ಕೊಡಬೇಕು. ಮೊಬೈಲ್ ಹಿಡಿದ ಹಳ್ಳಿಯ ಹುಡುಗರಲ್ಲೂ ಎಲ್ಲರೂ ಸುಳ್ಳು ಹಬ್ಬಿಸುವವರಲ್ಲ. ನನ್ನ ಗುಂಪಿನಲ್ಲಿ ತುಬಚಿಯ ಯುವಕನೊಬ್ಬ ದಿನವೂ ದಂಡೆಯ ಮೆಟ್ಟಿಲಿನ ಚಿತ್ರ ಕಳಿಸುತ್ತಾನೆ. ಪಕ್ಕದಲ್ಲಿ ಅವತ್ತಿನ ಪೇಪರ್ ಹಿಡಿದು, ದಿನಾಂಕ ಕಾಣುವಂತೆ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ರಾತ್ರಿ ಹನ್ನೊಂದೂವರೆಗೆ ಶೂರ್ಪಾಲಿಯ ಕಾಕಾ ಫೋನ್ ಮಾಡಿದರು. ಈಗ ಕುಶಲ ವಿಚಾರಿಸುವುದಕ್ಕೂ ಮೊದಲು ಅವರ ಪ್ರಶ್ನೆ ಒಂದೇ: ‘ಕಲ್ಲೋಳದಲ್ಲಿ ಎಷ್ಟು?’ ನೋಟ್‌ಬುಕ್ ನೋಡಿ ಅಂಕಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

‘ಇದು ಎಷ್ಟು ಗಂಟೆಯದು, ತಮ್ಮಾ?’