ದೊಡ್ಡ ಕೋಳಿಗಳು ಮರಿಗಳನ್ನು ಕುಕ್ಕುವುದು ನಿಂತಿದ್ದು ಹೀಗೆ

ಬಲ್ಬಿನ ಕಾವಲ್ಲಿ ಬೆಳೆದ ಆರು ವಾರದ ನಾಟಿ ಮರಿಗಳನ್ನು ಕಂಡರೆ ಗಿರಿರಾಜ ತಳಿಯ ಹೇಂಟೆಗಳು ನೆತ್ತಿಗೇ ಕುಕ್ಕುತ್ತಿದ್ದವು. ಶೆಡ್ಡಿನ ಮೂಲೆಗೆ ಜಾಲರಿ ಕಟ್ಟಿ ಎರಡು ವಾರ ಮರಿಗಳನ್ನು ಅದರೊಳಗೇ ಇಟ್ಟೆ. ಪರಸ್ಪರ ನೋಡಲಿ, ಮುಟ್ಟದಿರಲಿ ಅಂತ. ಆಮೇಲೆ ಜಾಲರಿಯ ಬುಡದಲ್ಲಿ ನಾಲ್ಕಿಂಚಿನ ಕಿಂಡಿ. ಹೇಂಟೆ ಅಟ್ಟಿಸಿಕೊಂಡು ಬಂದರೆ ಮರಿ ಸರಕ್ಕನೆ ಒಳಗೆ ನುಸುಳುತ್ತದೆ, ದಪ್ಪ ಎದೆಯ ಹೇಂಟೆ ಹೊರಗೇ ಉಳಿಯುತ್ತದೆ. ಜಗಳ ತಗ್ಗಿಸಿದ್ದು ಮುಖ್ಯವಾಗಿ ಈ ಕಿಂಡಿಯೇ.

ಮೇವಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮೊಟ್ಟೆ ಕೋಳಿಯ ಲೇಯರ್ ಫೀಡಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಮರಿಗಳ ಮೂತ್ರಪಿಂಡ ಕೆಡುತ್ತದೆ. ಹಾಗಾಗಿ ಎಲ್ಲಕ್ಕೂ ಬೆಳೆಯುವ ಮರಿಗಳ ಗ್ರೋವರ್ ಫೀಡ್; ಹೇಂಟೆಗಳಿಗೆ ಕ್ಯಾಲ್ಸಿಯಂಗೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ. ನೀರು, ಮೇವು ಎರಡೆರಡು ಕಡೆ ಇರಲಿ. ರಕ್ತ ಕಂಡ ಮರಿಯನ್ನು ತಕ್ಷಣ ಬೇರೆ ಮಾಡಿ, ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ.