ನಾನು ಮೊದಲು ನೋಡುವುದು ಚಿಗರಿಯ ಕಿವಿಯನ್ನು

ಬೀದರಿನ ಸುತ್ತಲಿನ ಹೊಲಗಳಲ್ಲಿ ಕೃಷ್ಣಮೃಗಗಳ, ನಮ್ಮ ಕಡೆಯ ಮಾತಿನಲ್ಲಿ ಚಿಗರಿಗಳ, ಫೋಟೋ ತೆಗೆಯಲು ಆರಂಭಿಸಿ ನನಗೆ ಹನ್ನೊಂದು ವರ್ಷಗಳಾದವು. ಆದರೆ ಬೇರೆಯವರು ತೆಗೆದ ಫೋಟೋಗಳ ಮುಂದೆ ಕುಳಿತು ಅವುಗಳ ಗುಣದೋಷ ಹೇಳಲು ತೊಡಗಿದ್ದು ಕಳೆದ ಆರು ವರ್ಷಗಳಿಂದೀಚೆಗೆ. ವೃತ್ತಿಯಿಂದ ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಛಾಯಾಗ್ರಹಣವನ್ನು ಯಾರ ಬಳಿಯೂ ಕ್ರಮವಾಗಿ ಕಲಿತವನಲ್ಲ. ನಮ್ಮೂರಿನ ಏಳೆಂಟು ಮಂದಿ ಹವ್ಯಾಸಿಗಳು ತಿಂಗಳ ಕೊನೆಯ ಭಾನುವಾರ ಒಬ್ಬರ ಮನೆಯ ಮಾಳಿಗೆಯ ಮೇಲೆ ಸೇರಿ, ತಮ್ಮ ತಮ್ಮ ಚಿತ್ರಗಳ ಪ್ರಿಂಟ್‌ಗಳನ್ನು ಚಾಪೆಯ ಮೇಲೆ ಹರಡಿ ನೋಡುತ್ತೇವೆ. ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಎಲ್ಲ ಫೋಟೋಗಳೂ ಚೆನ್ನಾಗಿಯೇ ಕಾಣುವುದರಿಂದ 8x12 ಇಂಚಿನ ಪ್ರಿಂಟ್ ಕಡ್ಡಾಯ ಮಾಡಿಕೊಂಡಿದ್ದೇವೆ. ಪ್ರಿಂಟಿನ ಮೇಲೆ ಹೆಸರು ಇರಬಾರದು, ಮತ್ತು ಫೋಟೋ ತೆಗೆದವರು ಎಲ್ಲರ ಮಾತು ಮುಗಿಯುವವರೆಗೆ ಬಾಯಿ ತೆರೆಯಬಾರದು.

ಈ ಎರಡನೆಯ ನಿಯಮ ಬಂದದ್ದು ನನ್ನಿಂದಲೇ ಎಂದು ಹೇಳಿದರೆ ತಪ್ಪಾಗದು. ಆರಂಭದ ದಿನಗಳಲ್ಲಿ ಪ್ರತಿ ಚಿತ್ರದ ಜೊತೆಗೆ ಅದರ ಕಥೆಯೂ ಬರುತ್ತಿತ್ತು. "ಸರ, ಎರಡು ತಾಸು ಬಿಸಿಲಾಗ ಕುಂತು ತಗದೀನ್ರಿ ಇದನ್ನ" ಎಂದು ಒಬ್ಬರು ಹೇಳಿದ ಮೇಲೆ ಆ ಫೋಟೋದಲ್ಲಿ ಫೋಕಸ್ ಕಣ್ಣಿನ ಬದಲು ಮುಂದಿನ ಹುಲ್ಲಿನ ಮೇಲೆ ಬಿದ್ದಿದೆ ಎಂದು ಹೇಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ನಾನಂತೂ ಈ ಕಲೆಯಲ್ಲಿ ಎಲ್ಲರಿಗಿಂತ ಮುಂದಿದ್ದೆ. ಹೊನ್ನಿಕೇರಿ ಮೀಸಲು ಅರಣ್ಯದ ಅಂಚಿನಲ್ಲಿ ಓಡುತ್ತಿದ್ದ ಐದು ಚಿಗರಿಗಳ ಫೋಟೋವೊಂದನ್ನು, ಬೆಳಗಿನ ಜಾವ ಎದ್ದದ್ದು, ಚಳಿಯಲ್ಲಿ ಬೈಕಿನ ಮೇಲೆ ಹೋದದ್ದು, 1/1250 ಸೆಕೆಂಡಿನ ವೇಗದಲ್ಲಿ ಅವುಗಳ ಜಿಗಿತವನ್ನು ಹಿಡಿದದ್ದು ಎಲ್ಲವನ್ನೂ ವರ್ಣಿಸಿ ಎರಡು ಸಲ ಮೆಚ್ಚುಗೆ ಪಡೆದಿದ್ದೆ. ಹೆಸರಿಲ್ಲದೆ, ಮಾತಿಲ್ಲದೆ ಪ್ರಿಂಟ್ ಇಡುವ ಪದ್ಧತಿಯನ್ನು ಪ್ರಯೋಗಕ್ಕೆಂದು ಮೊದಲ ಸಲ ಮಾಡಿದ ದಿನ, ಹಳೆಯ ಫೋಟೋಗಳನ್ನು ನೋಡಿರದ ಹೊಸಬರೊಬ್ಬರು ಅದನ್ನು ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇವನ್ನ ಯಾರು ಓಡಿಸ್ಯಾರ್ರಿ?" ಓಡಿಸಿದವನು ನಾನೇ. ಬೈಕನ್ನು ಕಾಲುದಾರಿಯಿಂದ ಇಳಿಸಿ ಹೊಲದ ಬದುವಿನವರೆಗೂ ತಂದಿದ್ದೆ. ಐದು ಪ್ರಾಣಿಗಳ ಹಿಂಭಾಗ, ಬೆದರಿ ಹೊರಳಿದ ಒಂದು ಮುಖ, ಎದ್ದ ಧೂಳು ಇಷ್ಟೇ ಆ ಫೋಟೋದಲ್ಲಿದ್ದದ್ದು. ಚಳಿ, ಬೆಳಗಿನ ಜಾವ, ನನ್ನ ಶ್ರಮ ಯಾವುದೂ ಅದರಲ್ಲಿ ಕಾಣುತ್ತಿರಲಿಲ್ಲ. ಪ್ರಾಣಿಗಳಿಗೆ ನಾನು ಕೊಟ್ಟ ತೊಂದರೆ ಮಾತ್ರ ಎದ್ದು ಕಾಣುತ್ತಿತ್ತು.

ಅಂದಿನಿಂದ ಯಾರದೇ ಪ್ರಾಣಿಚಿತ್ರ ಎದುರಿಗೆ ಬಂದರೂ ನಾನು ಹರಿತ, ಬಣ್ಣ, ಚೌಕಟ್ಟುಗಳಿಗೆ ಹೋಗುವ ಮೊದಲು ಕಿವಿಗಳನ್ನು ನೋಡುತ್ತೇನೆ. ಕತ್ತು ನೆಟ್ಟಗಾಗಿ, ಎರಡೂ ಕಿವಿಗಳು ಕ್ಯಾಮೆರಾದ ಕಡೆಗೇ ತಿರುಗಿ, ಮೇವು ಬಾಯಲ್ಲಿ ಹಾಗೆಯೇ ನಿಂತುಬಿಟ್ಟಿದ್ದರೆ ಆ ಪ್ರಾಣಿ ತನ್ನ ಬದುಕನ್ನು ಬಿಟ್ಟು ನಮ್ಮನ್ನು ಗಮನಿಸುತ್ತಿದೆ ಎಂದರ್ಥ. ಅಂತಹ ಫೋಟೋ ತಾಂತ್ರಿಕವಾಗಿ ಎಷ್ಟೇ ಶುದ್ಧವಾಗಿರಲಿ, ಹತ್ತು ಮಂದಿ ತೆಗೆದ ಹತ್ತು ಫೋಟೋಗಳು ಒಂದೇ ರೀತಿ ಇರುತ್ತವೆ. ಒಂದು ಕಿವಿ ಮುಂದಕ್ಕೆ, ಇನ್ನೊಂದು ಪಕ್ಕಕ್ಕೆ ಇದ್ದು ಬಾಯಿ ಆಡುತ್ತಿದ್ದರೆ, ಅದು ನಿಮ್ಮ ಇರುವಿಕೆಯನ್ನು ಒಪ್ಪಿಕೊಂಡಿದೆ. ನಿಜವಾದ ಕೆಲಸ ಅಲ್ಲಿಂದ ಮುಂದೆ. ಆದರೆ ಇದನ್ನು ಯಾಂತ್ರಿಕವಾಗಿ ಅನ್ವಯಿಸಹೋಗಿ ನಾನೇ ಒಮ್ಮೆ ಎಡವಿದ್ದೇನೆ. ಗಂಡು ಕೃಷ್ಣಮೃಗವೊಂದು ಮೂಗನ್ನು ಮೇಲೆತ್ತಿ, ತಿರುಚಿದ ಕೊಂಬುಗಳನ್ನು ಬೆನ್ನಿನ ಕಡೆಗೆ ಒರಗಿಸಿ, ಬಾಲವನ್ನು ಮೇಲಕ್ಕೆ ಸುರುಳಿ ಮಾಡಿ ನಿಂತಿದ್ದ ಫೋಟೋವನ್ನು "ಬೆದರಿದ ಪ್ರಾಣಿ" ಎಂದು ತಳ್ಳಿಹಾಕಿದ್ದೆ. ಅದು ಹೆಣ್ಣಿನ ಎದುರು ಗಂಡು ಮಾಡುವ ಪ್ರದರ್ಶನ. ಚೌಕಟ್ಟಿನ ಎಡ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿದ್ದ ಹೆಣ್ಣಿನ ಮೈಯನ್ನು ನಾನು ಗಮನಿಸಿರಲಿಲ್ಲ. ಆ ಫೋಟೋದ ದೋಷ ಇದ್ದದ್ದು ಅಲ್ಲಿಯೇ, ಅಂದರೆ ಹೆಣ್ಣನ್ನು ಹೊರಗೆ ಬಿಟ್ಟದ್ದರಲ್ಲಿ. ಪ್ರಾಣಿಯ ನಡವಳಿಕೆ ತಿಳಿಯದವನು ಅದರ ಚಿತ್ರದ ತೀರ್ಪು ಕೊಡಲು ಕುಳಿತರೆ ಹೀಗಾಗುತ್ತದೆ.

ಹತ್ತಿರ ಹೋಗುವ ವಿಷಯದಲ್ಲಿ ನಾನು ಕಂಡುಕೊಂಡ ಮಾರ್ಗ, ಹೋಗದೆ ಇರುವುದು. ಒಂದೇ ಹೊಲದ ಒಂದೇ ಬದುವಿನ ಮೇಲೆ, ಒಂದೇ ಮಣ್ಣಿನ ಬಣ್ಣದ ಅಂಗಿ ತೊಟ್ಟು, ವಾರಕ್ಕೆ ಮೂರು ಬೆಳಗು ಕುಳಿತುಕೊಳ್ಳತೊಡಗಿದೆ. ಹೊಲದವರನ್ನು ಮೊದಲು ಕೇಳಿದಾಗ ಅವರು ನಕ್ಕು, "ದಿನಾ ಬಂದು ಕುಂದರ್‍ರಿ ಸರ, ನಿಮ್ಮನ್ನ ನೋಡ್ಯಾದ್ರೂ ಅವು ನಮ್ಮ ಹೆಸರಿನ ಬೆಳಿಗೆ ಬಾಯಿ ಹಾಕೂದು ಬಿಡ್ತಾವ" ಎಂದರು. ಬೆಳೆ ಕಳೆದುಕೊಳ್ಳುವವರ ನಗೆಯಲ್ಲಿ ಇರುವ ಕಹಿಯೂ ಅದರಲ್ಲಿತ್ತು. ಮೂರನೆಯ ವಾರದ ಹೊತ್ತಿಗೆ ಹಿಂಡು ನನ್ನಿಂದ ಸುಮಾರು ಅರವತ್ತು ಹೆಜ್ಜೆ ದೂರದಲ್ಲಿ ಮೇಯತೊಡಗಿತು. ಹುಲ್ಲಿನಲ್ಲಿ ಅಡಗಿಸಿಟ್ಟ ಮರಿ ಕಣ್ಣಿಗೆ ಬಿದ್ದರೆ ಮಾತ್ರ ಕ್ಯಾಮೆರಾ ಚೀಲಕ್ಕೆ ಹಾಕಿ ಹಿಂದಿರುಗುತ್ತೇನೆ. ತಾಯಿ ಅದನ್ನು ಹಾಗೆ ಮಲಗಿಸಿ ದೂರ ನಿಲ್ಲುವುದು ಮರಿಯಿರುವ ಜಾಗ ಗುಟ್ಟಾಗಿರಲೆಂದು, ನಾವು ಮರಿಯ ಬಳಿ ನಿಂತರೆ ಆ ಗುಟ್ಟು ನಾಯಿಗಳಿಗೂ ತಿಳಿಯುತ್ತದೆ. ಅಂತಹ ಮರಿಯ ಫೋಟೋ ಚಾಪೆಯ ಮೇಲೆ ಬಂದರೆ ನಾವು ಚರ್ಚೆಯನ್ನೇ ಮಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇರುವ ಪ್ರಾಣಿ ಇದು ಎಂಬುದನ್ನು ಹೊಸಬರಿಗೆ ಒಮ್ಮೆ ಹೇಳುತ್ತೇವೆ, ಅಷ್ಟೆ.

ಹತ್ತಿರಕ್ಕೆ ಬಾರದ ಪ್ರಾಣಿಗೆ ದೊಡ್ಡ ಲೆನ್ಸ್ ಉತ್ತರ ಎಂದು ನಂಬಿ ನಾನು 70-300 ಮಿ.ಮೀ. ಲೆನ್ಸನ್ನು ಬದಿಗಿಟ್ಟು, ಸಾಲ ಮಾಡಿ ಇನ್ನೂ ದೂರ ಎಟುಕುವ 150-600 ಮಿ.ಮೀ. ಲೆನ್ಸ್ ಕೊಂಡಿದ್ದೆ. ಮಾರ್ಚ್ ತಿಂಗಳಿನಲ್ಲಿ ಒಂಬತ್ತು ಗಂಟೆಯ ನಂತರ ತೆಗೆದ ಒಂದು ಫೋಟೋವೂ ಹರಿತವಾಗಿ ಬರಲಿಲ್ಲ. ಲೆನ್ಸ್ ಕೆಟ್ಟಿದೆಯೆಂದು ಹೈದರಾಬಾದಿನವರೆಗೆ ಹೋಗಿ ತೋರಿಸಿ ಬಂದೆ. ದೋಷ ಲೆನ್ಸಿನಲ್ಲಿರಲಿಲ್ಲ: ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿಯ ಪದರಗಳು ಬೇರೆ ಬೇರೆ ಉಷ್ಣಾಂಶದಲ್ಲಿದ್ದು ಬೆಳಕನ್ನು ಬಾಗಿಸುತ್ತಿರುತ್ತವೆ, ಆ ಅಲುಗಾಟವನ್ನು ಉದ್ದ ಲೆನ್ಸ್ ಪ್ರಾಣಿಯ ಜೊತೆಗೇ ದೊಡ್ಡದು ಮಾಡಿ ತೋರಿಸುತ್ತದೆ. ಮಕ್ಕಳಿಗೆ ಮರೀಚಿಕೆಯ ಪಾಠ ಹೇಳುವ ವಿಜ್ಞಾನದ ಮೇಷ್ಟ್ರಿಗೆ ಇದು ಹೊಳೆಯಲಿಲ್ಲ ಎಂದು ಗೆಳೆಯರು ಈಗಲೂ ಆಡಿಕೊಳ್ಳುತ್ತಾರೆ. ನಮ್ಮ ಕಡೆಯ ಬೇಸಿಗೆಯಲ್ಲಿ ದೂರದ ಫೋಟೋಗೆ ಸೂರ್ಯೋದಯದ ನಂತರದ ಒಂದೂವರೆ ತಾಸು ಮಾತ್ರ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಂಡಿದ್ದೇನೆ.

ಬೆಳಕಿನ ಅಳತೆ ಕೃಷ್ಣಮೃಗದಲ್ಲಿ ಬಹಳ ಕಾಡುತ್ತದೆ. ಒಣಹುಲ್ಲಿನ ಹೊಳಪು ಚೌಕಟ್ಟನ್ನು ತುಂಬಿದ್ದರೆ ಕ್ಯಾಮೆರಾ ಆ ಹೊಳಪಿಗೆ ಹೆದರಿ ಬೆಳಕನ್ನು ತಗ್ಗಿಸುತ್ತದೆ, ಆಗ ಗಂಡಿನ ಕಪ್ಪು ಬೆನ್ನು ರೋಮವೇ ಇಲ್ಲದ ಮಸಿಯ ಮುದ್ದೆಯಾಗುತ್ತದೆ. ನಾನು ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚಿಸಿ, ಕಣ್ಣಿನ ಸುತ್ತಲಿನ ಬಿಳಿ ವರ್ತುಲ ಅತಿ ಬೆಳಕಿಗೆ ಸುಟ್ಟುಹೋಗಿಲ್ಲವೆಂದು ಕ್ಯಾಮೆರಾದ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ ಖಚಿತಪಡಿಸಿಕೊಳ್ಳುತ್ತೇನೆ. ಇದನ್ನೇ ಸೂತ್ರವೆಂದು ತಿಳಿದು ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಹೋದ ಗೆಳೆಯರೊಬ್ಬರ ಬೆಳ್ಳಕ್ಕಿಗಳೆಲ್ಲ ಗರಿಯಿಲ್ಲದ ಸುಣ್ಣದ ಬೊಂಬೆಗಳಾಗಿ ಬಂದವು. ಕಪ್ಪು ನೀರಿನ ನಡುವೆ ಸಣ್ಣ ಬಿಳಿ ಹಕ್ಕಿಯಿದ್ದಾಗ ಮಾಡಬೇಕಾದದ್ದು ತದ್ವಿರುದ್ಧ.

ಮೊಬೈಲಿನವರಿಗೆ ಈ ತಲೆನೋವುಗಳು ಕಡಿಮೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅವರು ಕಾಡಿನ ಅಂಚಿಗಿಂತ ದನದ ಕೊಟ್ಟಿಗೆಯಲ್ಲಿ ಬೇಗ ಕಲಿಯುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಮನೆಯ ದೇವಣಿ ತಳಿಯ ಹಸುವಿನ ಫೋಟೋ ತಂದಿದ್ದ. ದೇವಣಿಯಲ್ಲಿ ಮುಖದ ಪಕ್ಕಗಳು ಮಾತ್ರ ಕಪ್ಪಾಗಿರುವ ವಾನೇರಾ, ಮೈಮೇಲೆ ಕಪ್ಪು ಮಚ್ಚೆಗಳಿರುವ ಶೇವೇರಾ, ಹೊಟ್ಟೆಯ ಕೆಳಭಾಗದಲ್ಲಿ ಕಪ್ಪಿರುವ ಬಾಲಂಕ್ಯಾ ಎಂಬ ಬಗೆಗಳಿವೆ. ಅವನ ಮನೆಯದು ಬಾಲಂಕ್ಯಾ. ನಿಂತುಕೊಂಡು ಮೇಲಿನಿಂದ ತೆಗೆದದ್ದರಿಂದ ಚಿತ್ರದಲ್ಲಿ ಬಿಳಿ ಬೆನ್ನು ಮಾತ್ರ ಇತ್ತು, ಕೊಂಬಿನ ನಡುವಿನಿಂದ ಲೈಟ್ ಕಂಬವೊಂದು ಮೊಳೆತಿತ್ತು. ತಪ್ಪು ಏನೆಂದು ನಾವು ಹೇಳಲಿಲ್ಲ. ನೆಲದ ಮೇಲೆ ಕುಳಿತು ಮತ್ತೆ ತೆಗೆದುಕೊಂಡು ಬಾ ಎಂದೆವು. ಮುಂದಿನ ತಿಂಗಳ ಪ್ರಿಂಟಿನಲ್ಲಿ ಹೊಟ್ಟೆಯ ಕಪ್ಪು ಬಂದಿತ್ತು, ಹಸುವಿನ ಕಣ್ಣು ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದಿತ್ತು, ಹಿಂದೆ ಕಂಬದ ಬದಲು ಮಣ್ಣಿನ ಗೋಡೆಯಿತ್ತು.

ಹರಿತಕ್ಕೆ ಇಷ್ಟು, ಬೆಳಕಿಗೆ ಇಷ್ಟು ಎಂದು ಹತ್ತರಲ್ಲಿ ಅಂಕ ಕೊಡುವುದನ್ನು ನಾವು ಒಂದು ವರ್ಷ ಮಾಡಿ ಬಿಟ್ಟೆವು. ಎಲ್ಲದರಲ್ಲೂ ಏಳು ಪಡೆದ ನೀರಸ ಫೋಟೋ ಪ್ರತಿ ಸಲವೂ ಗೆಲ್ಲುತ್ತಿತ್ತು. ಈಗ ಪ್ರತಿಯೊಬ್ಬರೂ ಆ ಚಿತ್ರದಲ್ಲಿ ಉಳಿಸಿಕೊಳ್ಳಬೇಕಾದ ಒಂದನ್ನು, ಮತ್ತೆ ಹೋಗಿ ತೆಗೆಯಬೇಕಾದ ಒಂದನ್ನು ಹೇಳುತ್ತಾರೆ. L ಆಕಾರದ ರಟ್ಟಿನ ಎರಡು ಮೂಲೆಪಟ್ಟಿಗಳನ್ನು ಪ್ರಿಂಟಿನ ಮೇಲೆ ಸರಿಸುತ್ತಾ ಎಲ್ಲಿ ಕತ್ತರಿಸಿದರೆ ಚೆನ್ನ ಎಂದು ನೋಡುತ್ತೇವೆ. ಕತ್ತರಿಸಿ ಸರಿಹೋಗದ ದೋಷಕ್ಕೆ ಮಾತ್ರ ಮರಳಿ ಹೋಗಬೇಕು, ಅದೂ ಅದೇ ಜಾಗಕ್ಕೆ.

ಕಳೆದ ತಿಂಗಳು ನನ್ನ ಪ್ರಿಂಟಿನಲ್ಲಿ ಜಾಲಿಗಿಡದ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಗಂಡು ಚಿಗರಿಯಿತ್ತು. ಕಿವಿಗಳು ಸಡಿಲವಾಗಿದ್ದವು, ಬೆನ್ನಿನ ರೋಮ ಎಣಿಸುವಷ್ಟು ಸ್ಪಷ್ಟವಾಗಿತ್ತು. ಉಳಿಸಿಕೊಳ್ಳುವುದು ಕಿವಿ ಎಂದರು; ಮತ್ತೆ ತೆಗೆಯಬೇಕಾದದ್ದು, ಕಣ್ಣಿನ ಮೇಲೆ ಅಡ್ಡ ಬಂದ ಒಂದು ಜೋಳದ ಗರಿ. ಹೊಲದವರು ಜೋಳ ಕೊಯ್ಯಲು ಇನ್ನೂ ಹದಿನೈದು ದಿನ ಎಂದಿದ್ದಾರೆ, ಆಮೇಲೆ ಆ ಬದುವಿಗೆ ಹೋಗುತ್ತೇನೆ.